ಅಂತರ್ಜಾಲ ಬೋಧನೆ ಮತ್ತು ಕನ್ನಡ ಅಧ್ಯಾಪಕ: ಲಿಪಿ, ಛಂದಸ್ಸುಗಳ ನಿದರ್ಶನ

ತಂತ್ರಜ್ಞಾನಕ್ಕೆ ಅಧ್ಯಾಪಕರು ಹೊಂದಿಕೊಳ್ಳುವುದೆಂದರೆ ಯಂತ್ರದ ಬಳಕೆಯನ್ನು ಕಲಿಯುವುದು ಎಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಕನ್ನಡ ಬೋಧನೆಯ ಮಟ್ಟಿಗೆ ಈ ಗ್ರಹಿಕೆ ಅಪೂರ್ಣವಾದುದು. 2004ರ ಸೆಪ್ಟೆಂಬರ್ 20ರಂದು ಎಜುಸ್ಯಾಟ್ ಉಪಗ್ರಹ ಉಡಾವಣೆಗೊಂಡಾಗ ದೂರಬೋಧನೆಯು ಒಂದು ಸಾಧ್ಯತೆ ಮಾತ್ರವಾಗಿತ್ತು; 2020ರ ಮಾರ್ಚ್‌ನಲ್ಲಿ ಕೋವಿಡ್ ನಿಮಿತ್ತ ತರಗತಿಗಳು ಮುಚ್ಚಿದಾಗ ಅದು ಅನಿವಾರ್ಯವಾಯಿತು.

ಮೊದಲ ತೊಡಕು ಲಿಪಿಗೆ ಸಂಬಂಧಿಸಿದ್ದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರರೂಪಗಳು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿರುತ್ತವೆ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅಂತಹ ಪಠ್ಯವು ಅರ್ಥಹೀನ ಚಿಹ್ನೆಗಳಾಗಿ ಕಾಣುತ್ತದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಬಾಶೆಟ್ಟಿಹಳ್ಳಿಯಂತಹ ಕೈಗಾರಿಕಾ ಪ್ರದೇಶದಲ್ಲಿ ದುಡಿಯುತ್ತಲೇ ಓದುವ ವಿದ್ಯಾರ್ಥಿಗೆ ಮೊಬೈಲೇ ಗ್ರಂಥಾಲಯವಾಗಿದ್ದಲ್ಲಿ, ಆತನ ಪಾಲಿಗೆ ಆ ಪಾಠವೇ ಇಲ್ಲವಾಗುತ್ತದೆ. ಯುನಿಕೋಡ್ ಕನ್ನಡಕ್ಕೆ 128 ಪ್ರತ್ಯೇಕ ಸಂಕೇತಸ್ಥಾನಗಳನ್ನು ಮೀಸಲಿಟ್ಟಿದೆ. ಆದ್ದರಿಂದ ಹಳೆಯ ಟಿಪ್ಪಣಿಗಳನ್ನು ಯುನಿಕೋಡಿಗೆ ಪರಿವರ್ತಿಸುವುದು ಬೋಧನೆಯದೇ ಅಂಗವೆನಿಸುತ್ತದೆ.

ಎರಡನೆಯ ತೊಡಕು ಬೋಧನಕ್ರಮದ್ದು. ಕಂದಪದ್ಯದಲ್ಲಿ ನಾಲ್ಕು ಮಾತ್ರೆಗಳ ಗಣಗಳಿದ್ದು, 1, 3ನೆಯ ಪಾದಗಳಲ್ಲಿ ಮೂರು, 2, 4ನೆಯ ಪಾದಗಳಲ್ಲಿ ಐದು ಗಣಗಳು ಬರುತ್ತವೆ. ಕಪ್ಪುಹಲಗೆಯ ಮೇಲೆ ಲಘು, ಗುರುಗಳನ್ನು ಒಂದೊಂದಾಗಿ ಗುರುತಿಸುವಾಗ ವಿದ್ಯಾರ್ಥಿಯ ಕಿವಿಯೂ ಲೆಕ್ಕದಲ್ಲಿ ತೊಡಗಿರುತ್ತದೆ. ಸಿದ್ಧ ಸ್ಲೈಡಿನಲ್ಲಿ ಫಲಿತಾಂಶ ಮಾತ್ರ ಉಳಿದು, ಪ್ರಕ್ರಿಯೆ ಮರೆಯಾಗುತ್ತದೆ. ಪದ್ಯದ ಓದನ್ನು ಧ್ವನಿಮುದ್ರಿಸಿ ಕಳುಹಿಸಿ, ಪ್ರಸ್ತಾರವನ್ನು ವಿದ್ಯಾರ್ಥಿಯಿಂದಲೇ ಬರೆಯಿಸಿ ತರಿಸಿಕೊಂಡಲ್ಲಿ ಈ ನಷ್ಟವನ್ನು ತುಂಬಿಕೊಳ್ಳಬಹುದು. ಮತ್ತೆ ಮತ್ತೆ ಕೇಳುವ ಅನುಕೂಲವಂತೂ ತರಗತಿಯಲ್ಲಿಯೂ ದೊರೆಯದಂತಹುದು.

ಒಟ್ಟಿನಲ್ಲಿ, ಯಾವ ಸಾಧನವನ್ನು ಬಳಸಬೇಕೆಂಬುದಕ್ಕಿಂತ ಪಾಠದ ಯಾವ ಅಂಶ ಆ ಸಾಧನದಲ್ಲಿ ಸೋರಿಹೋಗುತ್ತದೆ ಎಂಬುದನ್ನು ಅರಿಯುವುದೇ ಅಧ್ಯಾಪಕರ ನಿಜವಾದ ಹೊಂದಾಣಿಕೆ.