ನಿಲ್ಲದೆ ಮನೆ ಬದಲಿಸುವ ಯಂತ್ರ

ನಾವು ಮೊಬೈಲಿನಲ್ಲಿ ರೈಲಿನ ಟಿಕೆಟ್ ಕಾದಿರಿಸುವಾಗ ಅದು ದೂರದ ಒಂದು ದೊಡ್ಡ ಕಂಪ್ಯೂಟರಿನೊಡನೆ ಮಾತನಾಡುತ್ತದೆ. ಇಂತಹ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು. ಒಂದು ವಠಾರದಲ್ಲಿ ಹಲವು ಸಂಸಾರಗಳು ಇರುವಂತೆ ಒಂದು ಸರ್ವರಿನೊಳಗೆ ಹಲವು ಕಂಪ್ಯೂಟರುಗಳು ಇರಬಲ್ಲವು. ಇವು ಕಣ್ಣಿಗೆ ಕಾಣುವುದಿಲ್ಲ. ತಂತ್ರಾಂಶದಿಂದ ರಚಿಸಿದ ಇವನ್ನು ವರ್ಚುವಲ್ ಯಂತ್ರಗಳು ಎನ್ನುತ್ತಾರೆ.

ವಠಾರವನ್ನು ರಿಪೇರಿ ಮಾಡಬೇಕಾದರೆ ಸಂಸಾರಗಳು ಬೇರೆ ಕಡೆಗೆ ಹೋಗಬೇಕಷ್ಟೆ? ಹಾಗೆಯೇ ವರ್ಚುವಲ್ ಯಂತ್ರವನ್ನೂ ಬೇರೊಂದು ಸರ್ವರಿಗೆ ಸಾಗಿಸುತ್ತಾರೆ. ಆದರೆ ಅದರ ಕೆಲಸ ನಿಲ್ಲಬಾರದು. ನಿಂತರೆ ಟಿಕೆಟ್ ಕಾಯುತ್ತಿರುವವರ ಗತಿಯೇನು?

ಯಂತ್ರದ ನೆನಪನ್ನು ಚಿಕ್ಕ ಚಿಕ್ಕ ಪುಟಗಳಾಗಿ ವಿಂಗಡಿಸಿರುತ್ತಾರೆ. ಮೊದಲು ಎಲ್ಲ ಪುಟಗಳ ನಕಲು ಹೊಸ ಸರ್ವರಿಗೆ ಹೋಗುತ್ತದೆ. ಅಷ್ಟರಲ್ಲಿ ಕೆಲವು ಪುಟಗಳು ಬದಲಾಗಿರುತ್ತವೆ. ಅವುಗಳನ್ನು ಮತ್ತೆ ಕಳುಹಿಸುತ್ತಾರೆ. ಕೊನೆಗೆ ಕೆಲವೇ ಪುಟಗಳು ಉಳಿದಾಗ ಯಂತ್ರವನ್ನು ಕ್ಷಣಕಾಲ ನಿಲ್ಲಿಸಿ, ಅವನ್ನೂ ಸಾಗಿಸಿ, ಹೊಸ ಸ್ಥಳದಲ್ಲಿ ಎಬ್ಬಿಸುತ್ತಾರೆ. 2005ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಮತ್ತು ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಆಟ ನಡೆಯುತ್ತಿದ್ದಾಗಲೇ ಆಟದ ಸರ್ವರೊಂದನ್ನು ಹೀಗೆ ಸಾಗಿಸಿ ತೋರಿಸಿದರು. ಅದು ನಿಂತದ್ದು ಕೇವಲ 60 ಮಿಲಿಸೆಕೆಂಡು. ಕಣ್ಣು ಮಿಟುಕಿಸಲೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು!

ಪುಟಗಳು ಕಳುಹಿಸುವ ವೇಗಕ್ಕಿಂತ ಬೇಗನೆ ಬದಲಾಗುತ್ತಿದ್ದರೆ? ಆಗ ಈ ಕೆಲಸ ಮುಗಿಯುವುದೇ ಇಲ್ಲ. ಗುರುಗಳು ಕಪ್ಪುಹಲಗೆಯ ಮೇಲೆ ಬರೆದದ್ದನ್ನು ಅಳಿಸಿ ಅಳಿಸಿ ಬರೆಯುತ್ತಿದ್ದರೆ ನೀವು ನಕಲು ಮಾಡಿ ಮುಗಿಸುವುದು ಯಾವಾಗ?

ಇದಕ್ಕೆ ಇನ್ನೊಂದು ಉಪಾಯವಿದೆ. ಯಂತ್ರವನ್ನು ಮೊದಲೇ ಹೊಸ ಸರ್ವರಿನಲ್ಲಿ ಓಡಿಸುವುದು, ಉಳಿದ ಪುಟಗಳನ್ನು ಆಮೇಲೆ ತರಿಸುವುದು. ಆದರೆ ಬೇಕಾದ ಪುಟ ಇನ್ನೂ ಬಾರದಿದ್ದರೆ ಹೊಸ ಸರ್ವರು ಅದನ್ನು ಕೇಳಿ ಪಡೆಯಬೇಕು. ದಾರಿ ಹೋಗುವುದಕ್ಕೆ ಮಾತ್ರ ಇದ್ದರೆ ಕೇಳುವುದು ಹೇಗೆ? ಆದ್ದರಿಂದ ಮರುದಾರಿಯೊಂದು ಬೇಕು. ಕ್ಯೂಎಮು ಎಂಬ ತಂತ್ರಾಂಶದಲ್ಲಿ 2015ರಲ್ಲಿ ಇಂತಹ ಮರುದಾರಿಯನ್ನು ಸೇರಿಸಿದರು. ಈ ದಾರಿಯಲ್ಲಿ “ಇಂತಹ ಪುಟ ಬೇಕು” ಎಂಬ ಬೇಡಿಕೆ ಬರುತ್ತದೆ. ಹಳೆಯ ಸರ್ವರು “ಪಿಂಗ್” ಎಂದರೆ ಹೊಸದು ಇದೇ ದಾರಿಯಲ್ಲಿ “ಪಾಂಗ್” ಎನ್ನುತ್ತದೆ. ನಾವು ಹಾಜರಿ ಹೇಳಿದಂತೆ! ಪ್ರತಿ ಸಂದೇಶದ ತಲೆಯಲ್ಲಿ ಅದು ಯಾವ ಬಗೆಯದು, ಎಷ್ಟು ಉದ್ದದ್ದು ಎಂದು ಬರೆದಿರುತ್ತದೆ.

ಈ ಉಪಾಯದಲ್ಲಿ ಒಂದು ಅಪಾಯವೂ ಉಂಟು. ನಡುವೆ ಸಂಪರ್ಕ ಕಡಿದರೆ ಯಂತ್ರದ ನೆನಪು ಅರ್ಧ ಇಲ್ಲಿ, ಅರ್ಧ ಅಲ್ಲಿ! ಹಿಂದೆ ಹೀಗಾದರೆ ಯಂತ್ರವೇ ಹಾಳಾಗುತ್ತಿತ್ತು. 2018ರಿಂದ ಕ್ಯೂಎಮುವಿನಲ್ಲಿ ಅದು ತಟಸ್ಥವಾಗಿ ಕಾಯುತ್ತದೆ. ಸಂಪರ್ಕ ಮರಳಿದಾಗ ಹೊಸ ಸರ್ವರು ತನಗೆ ಬಂದ ಪುಟಗಳ ಪಟ್ಟಿಯನ್ನು ಮರುದಾರಿಯಲ್ಲಿ ಕಳುಹಿಸುತ್ತದೆ. ಹಳೆಯದು ಉಳಿದ ಪುಟಗಳನ್ನು ಮಾತ್ರ ಕಳುಹಿಸುತ್ತದೆ.

ಅಭ್ಯಾಸ

ಅ) ಉತ್ತರ ಬರೆಯಿರಿ.
1. ವರ್ಚುವಲ್ ಯಂತ್ರವನ್ನು ಪಾಠದಲ್ಲಿ ಯಾವುದಕ್ಕೆ ಹೋಲಿಸಿದೆ?
2. ಮರುದಾರಿ ಏಕೆ ಬೇಕು?

ಆ) ಮಾಡಿ ನೋಡಿರಿ.
ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕುಳಿತುಕೊಳ್ಳಿರಿ. 1ರಿಂದ 20ರವರೆಗೆ ಬರೆದ ಚೀಟಿಗಳನ್ನು ಕಲಸಿ, ಒಬ್ಬರು ಒಂದೊಂದಾಗಿ ಹಿಂದಕ್ಕೆ ದಾಟಿಸಲಿ. ಮತ್ತೊಬ್ಬರು ಕ್ರಮವಾಗಿ ಜೋಡಿಸಲಿ. ನಡುವೆ ನಾಲ್ಕು ಚೀಟಿಗಳನ್ನು ಬೇಕೆಂದೇ ಬೀಳಿಸಿರಿ. ಮೊದಲ ಸಲ ಮಾತನಾಡದೆ ಆಡಿರಿ. ಎರಡನೆಯ ಸಲ ಬೇಕಾದ ಚೀಟಿಯನ್ನು ಕೇಳಿ ಪಡೆಯಿರಿ. ಎರಡೂ ಸಲ ಎಷ್ಟು ಚೀಟಿಗಳು ಸರಿಯಾಗಿ ಸೇರಿದವು, ಎಣಿಸಿರಿ.