ಮೊಳೆತ ಕಾಳಿನ ರಸಾಯನ

ಹೊಸಪೇಟೆ, ಕಂಪ್ಲಿ, ಸಂಡೂರುಗಳ ಕಡೆ ಮುಂಗಾರು ಜೋಳದ ತೆನೆ ಬಲಿತ ಹೊತ್ತಿಗೆ ಮಳೆ ಹಿಡಿದರೆ, ಕಾಳು ತೆನೆಯಲ್ಲಿಯೇ ಮೊಳೆಯುವುದುಂಟು. ಅಂಥ ಕಾಳಿನ ಹಿಟ್ಟಿಗೆ ಜಿಗುಟು ಸಾಲದು. ರೊಟ್ಟಿ ತಟ್ಟುವಾಗಲೇ ಹರಿಯುತ್ತದೆ. ರೈತನಿಗೆ ನಷ್ಟವನ್ನು ತರುವ ಈ ಕ್ರಿಯೆಯನ್ನೇ ಹದವರಿತು ನಡೆಸಿದರೆ ಅದು ಮಾಲ್ಟ್ ತಯಾರಿಕೆ ಎನಿಸುತ್ತದೆ. ಅದು ಹೇಗೆಂಬುದನ್ನು ನೋಡೋಣ.

ಕಾಳಿನ ಬಹುಭಾಗ ಪಿಷ್ಟ. ಅದು ಮುಂದೆ ಹುಟ್ಟುವ ಸಸಿಗಾಗಿ ಕಟ್ಟಿಟ್ಟ ಬುತ್ತಿ. ಆದರೆ ಪಿಷ್ಟವು ತಣ್ಣೀರಿನಲ್ಲಿ ಕರಗದು. ಭ್ರೂಣವು ಅದನ್ನು ಇದ್ದಂತೆಯೇ ಹೀರಲಾರದು. ಕಾಳು ನೆನೆದು ಮೊಳೆಯತೊಡಗಿದಾಗ ಅಮೈಲೇಸ್ ಎಂಬ ಕಿಣ್ವಗಳು ಕೆಲಸಕ್ಕೆ ತೊಡಗಿ, ಪಿಷ್ಟದ ಉದ್ದ ಸರಪಣಿಗಳನ್ನು ಕತ್ತರಿಸಿ ಮಾಲ್ಟೋಸ್ ಮೊದಲಾದ ಸಕ್ಕರೆಗಳನ್ನಾಗಿ ಮಾಡುತ್ತವೆ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಎಂಬ ವಿಜ್ಞಾನಿಗಳು ಮೊಳೆತ ಬಾರ್ಲಿಯಿಂದ ಇಂಥ ವಸ್ತುವನ್ನು ಬೇರ್ಪಡಿಸಿ ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು.

ಸಸಿಯು ಬುತ್ತಿಯನ್ನೆಲ್ಲ ಮುಗಿಸುವ ಮೊದಲೇ ಕಾಳನ್ನು ಒಣಗಿಸಬೇಕು. ಹದವಾದ ಶಾಖದಲ್ಲಿ ಮೊಳಕೆ ಸಾಯುತ್ತದೆ, ಕಿಣ್ವ ಉಳಿಯುತ್ತದೆ. ಇದೇ ಮಾಲ್ಟ್. ಬಿಯರ್ ತಯಾರಿಸುವವರು ಬಾರ್ಲಿಯ ಮಾಲ್ಟನ್ನು ನುಚ್ಚು ಮಾಡಿ, ಸುಮಾರು 65 ಡಿಗ್ರಿ ಸೆಲ್ಸಿಯಸ್ ಶಾಖದ ನೀರಿನಲ್ಲಿ ನೆನೆಯಿಡುತ್ತಾರೆ. ಸಿಹಿಯಾದ ರಸವನ್ನು ಸೋಸಿ, ಹಾಪ್ ಹೂವಿನೊಡನೆ ಕುದಿಸಿ, ಆರಿಸಿ ಯೀಸ್ಟ್ ಬೆರೆಸುತ್ತಾರೆ. ಯೀಸ್ಟು ಸಕ್ಕರೆಯನ್ನು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡುಗಳನ್ನಾಗಿ ಒಡೆಯುತ್ತದೆ.

ನಮ್ಮ ಮನೆಗಳ ರಾಗಿ ಮಾಲ್ಟ್ ಈ ದಾರಿಯಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಅದರಲ್ಲಿ ಯೀಸ್ಟಿಗೆ ಎಡೆಯಿಲ್ಲ. ಒಂದು ಪ್ರಯೋಗವನ್ನು ಮಾಡಬಹುದು. ರಾಗಿಯ ಗಟ್ಟಿ ಗಂಜಿಯನ್ನು ಎರಡು ಬಟ್ಟಲುಗಳಿಗೆ ಹಾಕಿ, ಕುದಿ ಇಳಿದು ಸುಮಾರು 60 ಡಿಗ್ರಿಗೆ ಬಂದಾಗ, ಒಂದಕ್ಕೆ ಮೊಳೆಸಿ ಒಣಗಿಸಿದ ರಾಗಿಯ ಹಿಟ್ಟನ್ನು ಒಂದು ಚಮಚ ಬೆರೆಸಿ ಕಲಕಿರಿ. ಆ ಗಂಜಿ ಬೇಗನೆ ತೆಳ್ಳಗಾಗುತ್ತದೆ. ಇದರ ಲಾಭ ಎಳೆಯ ಮಕ್ಕಳಿಗೆ. ಸಾಮಾನ್ಯ ಗಂಜಿಗೆ ಹಿಟ್ಟು ಹೆಚ್ಚಿದರೆ ಮಗು ನುಂಗಲಾರದು. ನೀರು ಹೆಚ್ಚಿದರೆ ಹೊಟ್ಟೆ ತುಂಬಿದರೂ ಪೋಷಣೆ ಸಾಲದು. ಮಾಲ್ಟ್ ಬೆರೆತಾಗ ಹೆಚ್ಚು ಹಿಟ್ಟಿನ ಗಂಜಿಯೂ ನುಂಗುವಂತಾಗುತ್ತದೆ.

ಹಾಗಾದರೆ ಜೋಳವನ್ನೂ ಹೀಗೆಯೇ ಮೊಳೆಸಬಹುದೇ? ಇಲ್ಲಿ ಎಚ್ಚರ ಬೇಕು. ಎಳೆಯ ಜೋಳದ ಪೈರನ್ನೂ ಕೂಳೆ ಚಿಗುರನ್ನೂ ದನಕ್ಕೆ ಮೇಯಿಸಬಾರದೆಂದು ರೈತರು ಬಲ್ಲರು. ಆ ಚಿಗುರಿನಲ್ಲಿರುವ ಧುರಿನ್ ಎಂಬ ವಸ್ತುವು ಒಡೆದಾಗ ಹೈಡ್ರೋಸಯನಿಕ್ ಆಮ್ಲವೆಂಬ ಘೋರ ವಿಷ ಹೊರಬೀಳುತ್ತದೆ. ಕಾಳು ಮೊಳೆತಾಗ ಅದೇ ಧುರಿನ್ ಮೊಳಕೆಯಲ್ಲಿಯೂ ಬೇರಿನಲ್ಲಿಯೂ ಸೇರುತ್ತದೆ. ಆದುದರಿಂದ ಜೋಳದ ಹಸಿ ಮೊಳಕೆಯನ್ನು ತಿನ್ನಬಾರದು. ಮಾಲ್ಟ್ ಮಾಡುವಾಗ ಕಾಳನ್ನು ಒಣಗಿಸಿ, ಮೊಳಕೆ ಬೇರುಗಳನ್ನು ಉಜ್ಜಿ ತೆಗೆಯುವುದು ಅವಶ್ಯ. ಕ್ರಿಯೆ ಒಂದೇ ಆದರೂ ಎಲ್ಲ ಕಾಳಿನ ಗುಣ ಒಂದೇ ಅಲ್ಲವೆಂಬುದನ್ನು ನಾವು ಮರೆಯಬಾರದು.