ಹಳೆಯ ಉಪಕರಣಗಳ ಮೇಲಿನ ಅಕ್ಷರಗಳು: ಓದುವ ಹಾಗೂ ಉಳಿಸುವ ಕ್ರಮ

ನಮ್ಮ ಹಳ್ಳಿಗಳ ಅಟ್ಟಗಳಲ್ಲಿ ಮತ್ತು ಕೊಟ್ಟಿಗೆಗಳಲ್ಲಿ ಅಜ್ಜಂದಿರ ಕಾಲದ ಉಪಕರಣಗಳು ಈಗಲೂ ಸಿಗುತ್ತವೆ. ಕೈಯಿಂದ ತಿರುಗಿಸುವ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು, ಕೊಡಲಿ, ಪಿಕಾಸಿ, ಬಡಗಿಯ ಉಜ್ಜುಗೊರಡು, ಗರಗಸ ಮುಂತಾದವುಗಳಲ್ಲಿ ಅನೇಕವು ಇನ್ನೂ ಕೆಲಸಕ್ಕೆ ಬರುತ್ತವೆ. ಅವುಗಳ ಮೇಲೆ ತಯಾರಕರ ಹೆಸರು, ಊರು, ಅಳತೆ, ಭಾಗದ ಸಂಖ್ಯೆ ಇತ್ಯಾದಿ ಅಕ್ಷರಗಳಿರುತ್ತವೆ. ತುಕ್ಕು ತೆಗೆಯುವ ಭರದಲ್ಲಿ ಮೊದಲು ಅಳಿಯುವುದು ಈ ಅಕ್ಷರಗಳೇ. ಒಮ್ಮೆ ಅಳಿದರೆ ಬಿಡಿಭಾಗ ಕೊಳ್ಳಲು ಗುರುತು ಸಿಗದು, ಉಪಕರಣದ ಕಾಲವೂ ತಿಳಿಯದು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯವಾದುದು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಅದನ್ನು ತಿಳಿಯದೆ ಕೆರೆದರೆ ಮಕ್ಕಳಿಗೂ ದನಕರುಗಳಿಗೂ ವಿಷವಾಗುತ್ತದೆ. ಆದುದರಿಂದ ಮೊದಲು ಓದಿ ಬರೆದಿಟ್ಟುಕೊಳ್ಳುವುದು, ನಂತರ ಸುರಕ್ಷಿತವಾಗಿ ಶುಚಿ ಮಾಡುವುದು, ಕೊನೆಗೆ ಅಗತ್ಯವಿದ್ದರೆ ಮಾತ್ರ ಬಣ್ಣ ಹಚ್ಚುವುದು ಸರಿಯಾದ ಕ್ರಮ.

ಅಕ್ಷರಗಳಲ್ಲಿ ಮೂರು ವಿಧ

1. ಉಬ್ಬು ಅಕ್ಷರ: ಬೀಡು ಕಬ್ಬಿಣದ ಎರಕದಲ್ಲಿಯೇ ಮೂಡಿದವು. ಮೇವಿನ ಯಂತ್ರದ ಚಕ್ರ ಮತ್ತು ಕಾಲುಗಳ ಮೇಲೆ ಇವು ಸಾಮಾನ್ಯ.

2. ತಗ್ಗು ಅಕ್ಷರ: ಉಕ್ಕಿನ ಮೇಲೆ ಅಚ್ಚೊತ್ತಿ ಕೊರೆದವು. ಕೊಡಲಿ, ಉಳಿ, ಕುಡುಗೋಲುಗಳ ಮೇಲೆ ಕಾಣುತ್ತವೆ. ಊರಿನ ಕಮ್ಮಾರರು ಹಾಕುತ್ತಿದ್ದ ಸಣ್ಣ ಗುರುತುಗಳೂ ಇದೇ ವಿಧದವು.

3. ಬಣ್ಣದ ಅಕ್ಷರ: ಸಮತಟ್ಟಾದ ಮೇಲ್ಮೈಯ ಮೇಲೆ ಕುಂಚದಿಂದ ಬರೆದವು, ತಗಡಿನ ಅಚ್ಚಿಟ್ಟು ಬಳಿದವು ಅಥವಾ ಚೀಟಿಯಂತೆ ಅಂಟಿಸಿದವು. ಬೇಗ ಹಾಳಾಗುವವು ಇವೇ.

ಅಕ್ಷರಗಳಿಂದ ಏನು ತಿಳಿಯುತ್ತದೆ?

ವಿಳಾಸದಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ದರೆ ಆ ಅಕ್ಷರಗಳು 1972ರ ಆಗಸ್ಟ್ 15ರ ನಂತರದವು. ಏಕೆಂದರೆ ಪಿನ್‌ಕೋಡ್ ಜಾರಿಗೆ ಬಂದುದು ಅಂದು. ಐ.ಎಸ್.ಐ. ಮುದ್ರೆ ಇದ್ದರೆ ಅದು 1952ರ ಪ್ರಮಾಣೀಕರಣ ಮುದ್ರೆಗಳ ಕಾಯಿದೆಯ ನಂತರದ್ದು. ತೂಕ ಕಿಲೋಗ್ರಾಂನಲ್ಲಿದ್ದರೆ ಅದು ಬಹುಮಟ್ಟಿಗೆ 1958ರ ನಂತರದ್ದೆಂದು ಊಹಿಸಬಹುದು. ಮೆಟ್ರಿಕ್ ತೂಕಗಳು ನಮ್ಮ ದೇಶದಲ್ಲಿ ಆ ವರ್ಷದ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಗೆ ಬಂದವು. ರಾಜ್ಯದ ಹೆಸರು ಕರ್ನಾಟಕ ಎಂದಿದ್ದರೆ, 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಆ ಹೆಸರು ಬಂದುದನ್ನು ನೆನೆಯಬೇಕು.

ಆದರೆ ಇದರಲ್ಲಿ ಒಂದು ಎಚ್ಚರಿಕೆ ಬೇಕು. ಎರಕದ ಅಚ್ಚನ್ನು ಒಮ್ಮೆ ಮಾಡಿದರೆ ವರ್ಷಗಟ್ಟಲೆ ಬಳಸಬಹುದು. ಆದುದರಿಂದ ಹೊಸ ಗುರುತು ಇದ್ದರೆ ವಸ್ತು ಅದಕ್ಕಿಂತ ಹಳೆಯದಲ್ಲ ಎಂದು ಹೇಳಬಹುದು. ಹಳೆಯ ಗುರುತು ಇದೆ ಎಂದ ಮಾತ್ರಕ್ಕೆ ವಸ್ತು ಅಷ್ಟೇ ಹಳೆಯದೆಂದು ಹೇಳಲಾಗದು.

ತಯಾರಕರ ಹೆಸರಿನ ಹಿಂದೆ ನಮ್ಮ ಬೇಸಾಯದ ಚರಿತ್ರೆಯೇ ಇರಬಹುದು. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿ ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂದೆ ಮೇವು ಕತ್ತರಿಸುವ ಯಂತ್ರವನ್ನೂ 1903ರಲ್ಲಿ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. 1910ರಲ್ಲಿ ಅವರು ಕಾರ್ಖಾನೆಯನ್ನು ಅಂದಿನ ಔಂಧ್ ಸಂಸ್ಥಾನಕ್ಕೆ ಸೇರಿದ, ಈಗ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿಗೆ ಸಾಗಿಸಿದರು. ಮರದ ನೇಗಿಲಿನಿಂದ ಕಬ್ಬಿಣದ ನೇಗಿಲಿಗೆ ಬಂದ ಆ ಕಾಲದ ವಸ್ತುವೊಂದು ಮನೆಯಲ್ಲಿದ್ದರೆ, ಅದರ ಮೇಲಿನ ನಾಲ್ಕಕ್ಷರವೂ ಉಳಿಸಿಕೊಳ್ಳತಕ್ಕದ್ದೇ.

ಮೊದಲ ಕೆಲಸ: ನಕಲು ತೆಗೆಯುವುದು

ಉಪಕರಣಕ್ಕೆ ನೀರು ತಾಗಿಸುವ ಮೊದಲೇ ಅಕ್ಷರಗಳ ಫೋಟೋ ತೆಗೆಯಬೇಕು. ಮಸುಕಾದ ಅಕ್ಷರ ಓದಲು ಕತ್ತಲಾದ ಮೇಲೆ ಟಾರ್ಚನ್ನು ಮೇಲಿನಿಂದ ಹಿಡಿಯದೆ, ಮೇಲ್ಮೈಗೆ ಸವರಿದಂತೆ ಪಕ್ಕದಿಂದ ಹಿಡಿಯಬೇಕು. ಸಣ್ಣ ಉಬ್ಬುತಗ್ಗುಗಳಿಗೂ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ.

ಉಬ್ಬು ಮತ್ತು ತಗ್ಗು ಅಕ್ಷರಗಳ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲನ್ನು ಅಡ್ಡಲಾಗಿ ಹಿಡಿದು ಮೆಲ್ಲಗೆ ಉಜ್ಜಿದರೆ, ಮಕ್ಕಳು ನಾಣ್ಯದ ಅಚ್ಚು ತೆಗೆಯುವಂತೆಯೇ ನಕಲು ಮೂಡುತ್ತದೆ. ಬಣ್ಣದ ಅಕ್ಷರವಾದರೆ ಪಾರದರ್ಶಕ ಕಾಗದವಿಟ್ಟು ಅಂಚನ್ನು ಗುರುತಿಸಿಕೊಳ್ಳಬೇಕು. ಬಣ್ಣ ಪೂರ್ತಿ ಹೋಗಿದ್ದರೂ ಅಕ್ಷರವಿದ್ದ ಜಾಗದಲ್ಲಿ ತುಕ್ಕು ಕಡಿಮೆಯಿದ್ದು ಅದರ ಆಕಾರ ತಿಳಿಯುವುದುಂಟು. ಅಕ್ಷರದ ಎತ್ತರ, ಅಂಚಿನಿಂದ ಇರುವ ದೂರ ಮತ್ತು ಬಣ್ಣವನ್ನು ಬರೆದಿಡಬೇಕು. ಮೂಲ ಬಣ್ಣ ಯಾವುದೆಂದು ತಿಳಿಯಲು ನಟ್ಟಿನ ವಾಷರನ್ನು ಬಿಚ್ಚಿ ಅದರ ಅಡಿಯಲ್ಲಿ ನೋಡಬೇಕು. ಬಿಸಿಲು ತಾಗದ ಆ ಜಾಗದಲ್ಲಿ ಬಣ್ಣ ಮಾಸದೆ ಉಳಿದಿರುತ್ತದೆ.

ಸೀಸದ ಅಪಾಯ

ಹಿಂದೆ ಬಣ್ಣಗಳಲ್ಲಿ ಕೆಂಪು ಸೀಸ, ಬಿಳಿ ಸೀಸ ಮತ್ತು ಸೀಸದ ಕ್ರೋಮೇಟಿನ ಹಳದಿಯನ್ನು ಧಾರಾಳವಾಗಿ ಬಳಸುತ್ತಿದ್ದರು. ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ, ಅಂದರೆ ಕಿಲೋಗೆ 90 ಮಿಲಿಗ್ರಾಂ ಮೀರಬಾರದೆಂಬ ನಿಯಮ ಬಂದುದು 2016ರಲ್ಲಿ. ಅದು ಜಾರಿಯಾದುದು 2017ರ ನವೆಂಬರಿನಿಂದ. ಅದಕ್ಕಿಂತ ಹಳೆಯ ಬಣ್ಣ ಯಾವುದೇ ಆಗಲಿ, ಅದರಲ್ಲಿ ಸೀಸ ಇದೆ ಎಂದೇ ತಿಳಿದು ಕೆಲಸ ಮಾಡುವುದು ಕ್ಷೇಮ.

ಸೀಸ ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಗರ್ಭಿಣಿಯರಿಗೂ ಅಪಾಯಕಾರಿ. ದನಗಳು, ವಿಶೇಷವಾಗಿ ಕರುಗಳು, ಬಣ್ಣ ಬಳಿದ ವಸ್ತುಗಳನ್ನು ನೆಕ್ಕುವ ಅಭ್ಯಾಸದಿಂದ ಸೀಸದ ವಿಷಕ್ಕೆ ತುತ್ತಾಗುತ್ತವೆ. ಮೇವಿನ ಯಂತ್ರ ಇರುವುದೇ ಕೊಟ್ಟಿಗೆಯ ಪಕ್ಕದಲ್ಲಿ. ಕೆರೆದ ಬಣ್ಣದ ಹಕ್ಕಳೆಗಳು ಮೇವಿನಲ್ಲಿ ಬೆರೆಯಲು ಹೊತ್ತು ಬೇಕಾಗದು. ಕಣ್ಣು ಕಾಣದಂತಾಗುವುದು, ಹಲ್ಲು ಕಡಿಯುವುದು, ಬಾಯಲ್ಲಿ ನೊರೆ, ತಲೆಯನ್ನು ಗೋಡೆಗೆ ಒತ್ತಿ ನಿಲ್ಲುವುದು, ಸೆಳವು ಇವು ಸೀಸದ ವಿಷದ ಲಕ್ಷಣಗಳು. ಬೇರೆ ರೋಗಗಳಲ್ಲಿಯೂ ಇಂಥವು ಕಾಣಬಹುದು. ಕಂಡ ಕೂಡಲೇ ಪಶುವೈದ್ಯರನ್ನು ಕರೆಸಿ, ಹಳೆಯ ಬಣ್ಣ ಕೆರೆದಿದ್ದರೆ ಆ ಸಂಗತಿಯನ್ನು ತಪ್ಪದೆ ತಿಳಿಸಬೇಕು.

ಈ ಕಾರಣದಿಂದ ಕೆಳಗಿನ ನಿಯಮಗಳನ್ನು ಪಾಲಿಸಬೇಕು.

- ಕೊಟ್ಟಿಗೆ, ಅಡುಗೆಮನೆ, ಕಣ ಮತ್ತು ಬಾವಿಯಿಂದ ದೂರದಲ್ಲಿ ಬಯಲಿನಲ್ಲಿ ಕೆಲಸ ಮಾಡಬೇಕು. ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಮಕ್ಕಳೂ ಗರ್ಭಿಣಿಯರೂ ಹತ್ತಿರ ಇರಬಾರದು.
- ಹಳೆಯ ಬಣ್ಣವನ್ನು ಒಣಗಿದಂತೆ ಉಜ್ಜಬಾರದು. ವಿದ್ಯುತ್ ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಕೆರೆಯಬಾರದು. ಬೆಂಕಿಯಿಂದ ಸುಡಲೇಬಾರದು, ಸೀಸದ ಹೊಗೆ ಇನ್ನೂ ಅಪಾಯ.
- ಎದ್ದು ನಿಂತ ಹಕ್ಕಳೆಗಳನ್ನು ಮಾತ್ರ ಸಾಬೂನು ನೀರಿನಿಂದ ನೆನೆಸಿ ಮೆಲ್ಲಗೆ ತೆಗೆಯಬೇಕು. ಗಟ್ಟಿಯಾಗಿ ಅಂಟಿರುವ ಬಣ್ಣವನ್ನು ಕೀಳದೆ ಅದರ ಮೇಲೆಯೇ ಹೊಸ ಬಣ್ಣ ಹಚ್ಚಬಹುದು.
- ಹಕ್ಕಳೆಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಅಪಾಯಕಾರಿ ಕಸವೆಂದು ತಿಳಿಸಿ ಪಂಚಾಯಿತಿಯ ಕಸ ಸಂಗ್ರಹಣೆಗೆ ಕೊಡಬೇಕು. ಗೊಬ್ಬರದ ಗುಂಡಿಗೆ ಹಾಕಬಾರದು.
- ಕೈ, ಮುಖ ತೊಳೆಯದೆ ಊಟ ಮಾಡಬಾರದು, ಎಲೆ ಅಡಿಕೆ ಹಾಕಬಾರದು, ಬೀಡಿ ಸೇದಬಾರದು.

ಶುಚಿಗೊಳಿಸುವುದು

ಮೇವಿನ ಯಂತ್ರವಾದರೆ ಮೊದಲು ಕತ್ತಿಗಳನ್ನು ಬಿಚ್ಚಿ ಬೇರೆಡೆ ಇಟ್ಟು, ಚಕ್ರ ತಿರುಗದಂತೆ ಹಗ್ಗದಿಂದ ಬಿಗಿಯಬೇಕು. ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಬಣ್ಣದ ಅಕ್ಷರಗಳಿಗೆ ಸೀಮೆಎಣ್ಣೆ ತಾಗಿಸದೆ, ಉಗುರುಬೆಚ್ಚಗಿನ ಸಾಬೂನು ನೀರು ಮತ್ತು ಮೆತ್ತನೆ ಬಟ್ಟೆಯನ್ನು ಮಾತ್ರ ಬಳಸಬೇಕು.

ಬಣ್ಣವಿಲ್ಲದ ಉಕ್ಕಿನ ಮೇಲಿನ ತಗ್ಗು ಅಕ್ಷರಗಳಲ್ಲಿ ತುಕ್ಕು ತುಂಬಿದ್ದರೆ, ವಿನಿಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ಅದರ ಮೇಲೆ ಕೆಲವು ಗಂಟೆ ಸುತ್ತಿಡಬೇಕು. ಸಡಿಲವಾದ ತುಕ್ಕನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಬೇಕು. ನಂತರ ವಾಷಿಂಗ್ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಕೂಡಲೇ ಒರೆಸಿ, ಬಿಸಿಲಿನಲ್ಲಿ ಒಣಗಿಸಬೇಕು. ತೇವ ಉಳಿದರೆ ಒಂದೇ ರಾತ್ರಿಯಲ್ಲಿ ತುಕ್ಕು ಮರಳುತ್ತದೆ. ಹುಳಿಯಲ್ಲಿ ದಿನಗಟ್ಟಲೆ ಮುಳುಗಿಸಿಡುವುದು ತಪ್ಪು. ತುಕ್ಕಿನೊಂದಿಗೆ ಒಳ್ಳೆಯ ಲೋಹವೂ ಕರಗಿ ಅಕ್ಷರದ ಅಂಚು ಮೊಂಡಾಗುತ್ತದೆ.

ಬಣ್ಣ ಹಚ್ಚುವ ಮೊದಲು ಬಿರುಕಿನ ಪರೀಕ್ಷೆ

ಹೊಸ ಬಣ್ಣ ಬಿರುಕನ್ನು ಮರೆಮಾಡುತ್ತದೆ. ಬಿರುಕು ಬಿಟ್ಟ ಬೀಡು ಕಬ್ಬಿಣದ ಚಕ್ರ ತಿರುಗುವಾಗ ಒಡೆದರೆ ಪ್ರಾಣಾಪಾಯ. ಅನುಮಾನವಿರುವ ಜಾಗಕ್ಕೆ ಸೀಮೆಎಣ್ಣೆ ಸವರಿ, ಕೆಲವು ನಿಮಿಷ ಬಿಟ್ಟು, ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಬೇಕು. ಬಿರುಕಿದ್ದರೆ ಒಳಗೆ ಇಳಿದ ಸೀಮೆಎಣ್ಣೆ ಹೊರಬಂದು ಪುಡಿಯಲ್ಲಿ ಕಪ್ಪು ಗೆರೆಯಾಗಿ ಕಾಣುತ್ತದೆ. ಅಂಥ ಚಕ್ರವನ್ನು ಕೆಲಸಕ್ಕೆ ಬಳಸಬಾರದು; ನೋಡಲು ಇಟ್ಟುಕೊಳ್ಳಬಹುದು.

ಅಕ್ಷರಗಳಿಗೆ ಬಣ್ಣ ಹಚ್ಚುವ ವಿಧಾನ

ಮೂಲ ಬಣ್ಣ ಅರ್ಧಕ್ಕಿಂತ ಹೆಚ್ಚು ಉಳಿದಿದ್ದು ಅಕ್ಷರ ಓದಲು ಬರುತ್ತಿದ್ದರೆ ಹೊಸ ಬಣ್ಣ ಬೇಡ. ಶುಚಿ ಮಾಡಿ ತೆಳುವಾಗಿ ಮೇಣ ಹಚ್ಚಿಟ್ಟರೆ ಸಾಕು.

ಬಣ್ಣ ಬೇಕೇ ಆದರೆ ಸೀಸ 90 ಭಾಗ ಮೀರಿಲ್ಲವೆಂದು ಡಬ್ಬಿಯ ಮೇಲೆ ಬರೆದಿರುವ ಎನಾಮಲ್ ಬಣ್ಣವನ್ನೇ ಕೊಳ್ಳಬೇಕು. ಬರಿ ಕಬ್ಬಿಣಕ್ಕೆ ಮೊದಲು ರೆಡ್ ಆಕ್ಸೈಡ್ ಪ್ರೈಮರ್ ಒಂದು ಸಲ, ಅದು ಒಣಗಿದ ಮೇಲೆ ಹಿನ್ನೆಲೆಯ ಬಣ್ಣ ಎರಡು ಸಲ ತೆಳುವಾಗಿ ಬಳಿಯಬೇಕು. ಒಂದೊಂದು ಲೇಪಕ್ಕೂ ಒಂದು ದಿನ ಬಿಡುವು ಕೊಡಬೇಕು. ಅಕ್ಷರದ ಕೆಲಸಕ್ಕೆ ಮುನ್ನ ಹಿನ್ನೆಲೆ ನಾಲ್ಕೈದು ದಿನ ಒಣಗಿದರೆ ಒಳ್ಳೆಯದು. ಮಳೆಗಾಲದಲ್ಲಿ ಈ ಕೆಲಸ ಹಿಡಿಯಬಾರದು.

ಉಬ್ಬು ಅಕ್ಷರ: ಸಣ್ಣ ರಬ್ಬರ್ ರೋಲರಿಗೆ ಬಣ್ಣವನ್ನು ಬಹಳ ತೆಳುವಾಗಿ ಹಚ್ಚಿ, ಹೆಚ್ಚಾದುದನ್ನು ಗಾಜಿನ ತುಂಡಿನ ಮೇಲೆ ಉರುಳಿಸಿ ತೆಗೆಯಬೇಕು. ನಂತರ ಅಕ್ಷರಗಳ ನೆತ್ತಿಯ ಮೇಲೆ ಒತ್ತದೆ ಉರುಳಿಸಬೇಕು. ರೋಲರ್ ಇಲ್ಲದಿದ್ದರೆ ಮರದ ಚಪ್ಪಟೆ ತುಂಡಿಗೆ ದಪ್ಪ ಬಟ್ಟೆ ಬಿಗಿದು ಬಳಸಬಹುದು. ಬಣ್ಣ ಹೆಚ್ಚಾದರೆ ಪಕ್ಕಕ್ಕೆ ಇಳಿಯುತ್ತದೆ. ಎರಡು ಮೂರು ಸಲ ತೆಳುವಾಗಿ ಹಚ್ಚುವುದೇ ಮೇಲು.

ತಗ್ಗು ಅಕ್ಷರ: ಕುಂಚದಿಂದ ತಗ್ಗಿನೊಳಗೆ ಬಣ್ಣ ತುಂಬಬೇಕು. ಅದು ಅಂಟಂಟಾದಾಗ, ಚಪ್ಪಟೆ ಮರಕ್ಕೆ ಬಿಗಿದ ಬಟ್ಟೆಗೆ ಎರಡು ಹನಿ ಟರ್ಪೆಂಟೈನ್ ಹಾಕಿ ಅಕ್ಷರದ ಗೆರೆಗೆ ಅಡ್ಡಲಾಗಿ ಒರೆಸಬೇಕು. ಗೆರೆಯ ಉದ್ದಕ್ಕೆ ಒರೆಸಿದರೆ ಒಳಗಿನ ಬಣ್ಣವೂ ಬರುತ್ತದೆ. ಬಣ್ಣವಿಲ್ಲದ ಕೊಡಲಿ, ಉಳಿಗಳಿಗಾದರೆ ಮಕ್ಕಳ ಮೇಣದ ಬಳಪವನ್ನು ತಗ್ಗಿಗೆ ಉಜ್ಜಿ, ಮೇಲಿನದನ್ನು ಒರೆಸಿದರೂ ಅಕ್ಷರ ಚೆನ್ನಾಗಿ ಕಾಣುತ್ತದೆ. ಬೇಡವಾದಾಗ ತೆಗೆಯಲೂಬಹುದು.

ಬಣ್ಣದ ಅಕ್ಷರ: ತೆಗೆದಿಟ್ಟ ನಕಲನ್ನು ಹಳೆಯ ಎಕ್ಸ್‌ರೇ ಹಾಳೆಯ ಮೇಲೆ ಮೂಡಿಸಿ ಚೂಪಾದ ಬ್ಲೇಡಿನಿಂದ ಕತ್ತರಿಸಿದರೆ ಅಚ್ಚು ಸಿದ್ಧ. ಕನ್ನಡ ಅಕ್ಷರಗಳಲ್ಲಿ ಸೊನ್ನೆಯಂಥ ಒಳಭಾಗ ಕಳಚಿ ಬೀಳದಂತೆ ಸಣ್ಣ ಕೊಂಡಿ ಬಿಡಬೇಕು. ಅಚ್ಚನ್ನು ಬಿಗಿಯಾಗಿ ಅಂಟಿಸಿ, ಸ್ಪಂಜಿನ ತುಂಡಿಗೆ ಅತಿ ಕಡಿಮೆ ಬಣ್ಣ ಹಚ್ಚಿ ಮೇಲಿನಿಂದ ತಟ್ಟಬೇಕು. ಒಣಗಿದ ಮೇಲೆ ಕೊಂಡಿಯ ಬಿಡುವನ್ನು ಸಣ್ಣ ಕುಂಚದಿಂದ ತುಂಬಬೇಕು. ಅಕ್ಷರದ ಭಾಗವೊಂದು ಪೂರ್ತಿ ಅಳಿದು ಏನಿತ್ತೆಂದು ತಿಳಿಯದಿದ್ದರೆ ಊಹಿಸಿ ಬರೆಯಬಾರದು, ಖಾಲಿ ಬಿಡಬೇಕು. ಊರಿನಲ್ಲಿ ಬೋರ್ಡು ಬರೆಯುವ ಪೇಂಟರ್ ಇದ್ದರೆ ಅವರ ನೆರವು ಪಡೆಯುವುದು ಉತ್ತಮ.

ಎಲ್ಲಿ ಬಣ್ಣ ಕೂಡದು?

ಮೇವು ಹಾಯುವ ದೋಣಿ, ಕತ್ತಿಯ ಅಲಗು, ಬೇರಿಂಗ್, ಎಣ್ಣೆ ಬಿಡುವ ತೂತು ಇವುಗಳಿಗೆ ಬಣ್ಣ ಹಚ್ಚಬಾರದು. ತೂಕದ ಬಟ್ಟು ಮತ್ತು ತಕ್ಕಡಿಗಳ ಮೇಲಿರುವ ಸರ್ಕಾರಿ ಪರಿಶೀಲನೆಯ ಮುದ್ರೆಯನ್ನು ಮುಟ್ಟಬಾರದು. ಬಟ್ಟನ್ನು ಉಜ್ಜಿದರೆ ಅಥವಾ ಅದಕ್ಕೆ ಬಣ್ಣ ಬಳಿದರೆ ತೂಕವೇ ಬದಲಾಗುತ್ತದೆ. ಒಬ್ಬ ತಯಾರಕರ ವಸ್ತುವಿನ ಮೇಲೆ ಮತ್ತೊಬ್ಬ ಹೆಸರಾಂತ ತಯಾರಕರ ಹೆಸರು ಬರೆದು ಮಾರುವುದು ಅಪರಾಧ.

ಮರದ ಹಿಡಿಗಳಿಗೆ ಬಣ್ಣಕ್ಕಿಂತ ಅಗಸೆ ಎಣ್ಣೆ ಉತ್ತಮ, ಕೈ ಜಾರುವುದಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅದು ತಾನಾಗಿ ಬಿಸಿಯೇರಿ ಬೆಂಕಿ ಹತ್ತುವುದುಂಟು. ಬಯಲಿನಲ್ಲಿ ಹರಡಿ ಒಣಗಿಸಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ಗ್ರಾಮದಲ್ಲಿ ಇಂಥ ಉಪಕರಣ ಕಂಡಾಗ ಅದರ ಅಕ್ಷರಗಳ ನಕಲು, ಯಾವ ಕೆಲಸಕ್ಕೆ ಬಳಸುತ್ತಿದ್ದರು, ಮನೆಗೆ ಯಾವಾಗ ಬಂತು, ಯಾವ ಸಂತೆಯಲ್ಲಿ ಕೊಂಡದ್ದು ಎಂಬ ವಿವರಗಳನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಬೇಕು. ಹಿರಿಯರ ನೆನಪಿನಲ್ಲಿರುವ ಈ ಮಾಹಿತಿಯನ್ನು ಮುಂದೆ ಯಾವ ಬಣ್ಣದಿಂದಲೂ ಮರಳಿ ಪಡೆಯಲಾಗದು. ಬಣ್ಣ ಹಚ್ಚುವುದನ್ನು ಬರುವ ವರ್ಷವೂ ಮಾಡಬಹುದು. ನಕಲು ತೆಗೆಯುವ ಕೆಲಸವನ್ನು ಈ ವಾರವೇ ಮಾಡಬೇಕು. ಇದಕ್ಕೆ ತಗಲುವ ಖರ್ಚು ಒಂದು ಹಾಳೆ ಕಾಗದ ಮತ್ತು ಒಂದು ಪೆನ್ಸಿಲ್ ಮಾತ್ರ.